ಪೈಪ್ ಒಡೆದಾಗ ಮೊದಲ ಪ್ರಶ್ನೆ: ಇದು ಯಾವ ನೀರು?

ಹೋದ ವರ್ಷ ಆಷಾಢದ ಒಂದು ಬೆಳಗಿನ ಜಾವ. ಚಿಕ್ಕಮಗಳೂರಿನಲ್ಲಿ ನಾಲ್ಕು ದಿನದಿಂದ ಮಳೆ ಹಿಡಿದಿತ್ತು. ಹೊರಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮಳೆ ತಾನೇ ಎಂದು ಕಂಬಳಿ ಮೇಲೆಳೆದುಕೊಂಡೆ. ಹಾಲಿನ ಪ್ಯಾಕೆಟ್ ತರಲು ಬಾಗಿಲು ತೆಗೆದ ಅಮ್ಮ ಅಲ್ಲಿಂದಲೇ ಕೂಗಿದರು: “ಮಳೆ ನಿಂತು ಎಷ್ಟೊತ್ತಾಯ್ತೋ! ಹಿಂದುಗಡೆ ಇದೇನು ಸುರೀತಾ ಇರೋದು?”

ಎದ್ದು ಓಡಿದೆ. ಮೊದಲು ಮೋಟರ್ ಸ್ವಿಚ್ ಆಫ್ ಮಾಡಿದೆ. ನೋಡಿದರೆ ಮೋಟರ್ ಆನ್ ಆಗಿಯೇ ಇರಲಿಲ್ಲ. ಆಮೇಲೆ ಗೇಟಿನ ಹತ್ತಿರದ ನಗರಸಭೆ ಲೈನಿನ ವಾಲ್ವ್ ತಿರುಗಿಸಿದೆ. ಅವತ್ತು ನೀರು ಬಿಡುವ ದಿನವೇ ಅಲ್ಲ. ಕೊನೆಗೆ ಪಾಚಿ ಕಟ್ಟಿದ ಮೆಟ್ಟಿಲು ಹತ್ತಿ ತಾರಸಿ ಸೇರುವಷ್ಟರಲ್ಲಿ ಸಾವಿರ ಲೀಟರ್ ಟ್ಯಾಂಕಿನ ಬುಡ ಕಾಣುತ್ತಿತ್ತು. ನೀರನ್ನು ನಾನು ನಿಲ್ಲಿಸಲಿಲ್ಲ, ಅದೇ ಖಾಲಿಯಾಗಿ ನಿಂತಿತು.

ಪೈಪ್ ಎಲ್ಲಿ ಒಡೆದಿದೆ ಎಂದು ಹುಡುಕುವುದು ಆಮೇಲಿನ ಮಾತು. ಹರಿಯುತ್ತಿರುವುದು ಯಾವ ನೀರು ಅನ್ನುವುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಯಾವ ವಾಲ್ವ್ ಹತ್ತಿರ ಓಡಬೇಕು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಮನೆಯಲ್ಲಿ ಓಡಾಡುವ ಮೂರು ನೀರು

ನೆಲದಲ್ಲಿ ಸಂಪು, ತಾರಸಿಯಲ್ಲಿ ಟ್ಯಾಂಕು ಇರುವ ಮನೆ ಎಂದೇ ಇಟ್ಟುಕೊಳ್ಳೋಣ.

ಮೊದಲನೆಯದು ಬೀದಿ ನೀರು. ನಗರಸಭೆಯವರು ಬಿಟ್ಟಾಗ ಬಂದು ಸಂಪಿಗೆ ಬೀಳುವುದು. ಚಿಕ್ಕಮಗಳೂರಿಗೆ ಇದು ಹಿರೇಕೊಳಲೆ ಕೆರೆಯಿಂದ ಮತ್ತು ಬೇಲೂರಿನ ಯಗಚಿ ಅಣೆಕಟ್ಟಿನಿಂದ ಬರುತ್ತದೆ. ಯಗಚಿ ಹುಟ್ಟುವುದು ನಮ್ಮ ಬಾಬಾಬುಡನ್‌ಗಿರಿ ಬೆಟ್ಟಸಾಲಿನಲ್ಲೇ. ಇಳಿದು ಬೇಲೂರಿಗೆ ಹೋಗಿ, ಅಲ್ಲಿಂದ ಪಂಪಿನಲ್ಲಿ ಮತ್ತೆ ನಮ್ಮೂರಿಗೆ ಹತ್ತಿ ಬರುತ್ತದೆ, ತವರಿಗೆ ಬಂದ ಮಗಳ ಹಾಗೆ. ಅಲ್ಲಿ ಪಂಪು ನಿಂತರೆ ಇಲ್ಲಿ ನಲ್ಲಿ ಒಣಗುತ್ತದೆ. ಟ್ಯಾಂಕಿನ ನೀರು ಸುಮ್ನೆ ಚರಂಡಿಗೆ ಹೋದರೆ ಹೊಟ್ಟೆ ಉರಿಯುವುದು ಅದಕ್ಕೇ.

ಎರಡನೆಯದು ಮೋಟರ್ ನೀರು. ಸಂಪಿನಿಂದಲೋ ಬೋರಿನಿಂದಲೋ ಮೇಲಿನ ಟ್ಯಾಂಕಿಗೆ ಹತ್ತುವುದು. ಮೂರರಲ್ಲಿ ಒತ್ತಡ ಜಾಸ್ತಿ ಇರುವುದು ಸಾಮಾನ್ಯವಾಗಿ ಇದಕ್ಕೇ, ಆದರೆ ಮೋಟರ್ ಓಡುವಷ್ಟು ಹೊತ್ತು ಮಾತ್ರ.

ಮೂರನೆಯದು ಟ್ಯಾಂಕ್ ನೀರು. ತಾರಸಿಯಿಂದ ಅಡುಗೆಮನೆ, ಬಚ್ಚಲು, ಸೋಲಾರ್, ಗೀಸರ್‌ಗೆ ಇಳಿಯುವುದು. ಇದಕ್ಕೆ ರಜೆ ಇಲ್ಲ. ಹಗಲೂ ರಾತ್ರಿ ಪೈಪನ್ನು ಒತ್ತುತ್ತಲೇ ಇರುತ್ತದೆ, ಟ್ಯಾಂಕು ಖಾಲಿಯಾಗುವ ತನಕ ಸೋರುತ್ತದೆ.

ಇನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಬೀದಿಯಲ್ಲಿ ನೀರು ಬಿಟ್ಟಾಗ ಮಾತ್ರ ಸೋರಿದರೆ ಬೀದಿ ಲೈನು. ಮೋಟರ್ ಹಾಕಿದಾಗ ಚಿಮ್ಮಿ, ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ನಿಂತರೆ ಮೋಟರ್ ಲೈನು. ಎರಡೂ ಇಲ್ಲದಾಗಲೂ ಒಂದೇ ಸಮ ಸುರಿದರೆ ಟ್ಯಾಂಕ್ ಲೈನು. ಒಂದು ಕಡೆ ಮಾತ್ರ ಮೋಸ ಹೋಗಬಹುದು. ಕೆಲವರ ಮನೆಯಲ್ಲಿ ಮೋಟರ್ ಪೈಪು ಟ್ಯಾಂಕಿನ ಬುಡಕ್ಕೆ ಸೇರಿರುತ್ತದೆ. ಅಲ್ಲಿ ಮೋಟರ್ ನಿಲ್ಲಿಸಿದರೂ ಟ್ಯಾಂಕಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿದು ಸೋರುತ್ತದೆ.

ಯಾರಾದರೂ ಸ್ನಾನ ಮಾಡಿದಾಗ, ಪಾತ್ರೆ ತೊಳೆದಾಗ ಮಾತ್ರ ಒದ್ದೆಯಾದರೆ ಇವು ಮೂರೂ ಅಲ್ಲ. ಅದು ಹೊರಗೆ ಹೋಗುವ ಕೊಳೆನೀರಿನ ಪೈಪು. ಅದಕ್ಕೆ ಯಾವ ವಾಲ್ವೂ ಇಲ್ಲ. ಆ ಬಚ್ಚಲು ಬಳಸುವುದನ್ನು ನಿಲ್ಲಿಸುವುದೊಂದೇ ದಾರಿ.

ಮೊದಲ ಹತ್ತು ನಿಮಿಷ

ನೀರಿಗಿಂತ ಮೊದಲು ಕರೆಂಟು. ಸ್ವಿಚ್ ಬೋರ್ಡಿನ ಮೇಲೆ, ಫ್ಯಾನಿನ ರಾಡಿನಿಂದ, ಬಲ್ಬಿನ ಹೋಲ್ಡರಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೇನ್ ಆಫ್ ಮಾಡಿ. ಒಣ ಕೈ, ಕಾಲಿಗೆ ಚಪ್ಪಲಿ. ಮೇನ್ ಬೋರ್ಡೇ ಒದ್ದೆಯಾಗಿದ್ದರೆ, ಅಥವಾ ಅಲ್ಲಿಗೆ ಹೋಗಲು ನಿಂತ ನೀರು ತುಳಿಯಬೇಕಾದರೆ ಮುಟ್ಟಲು ಹೋಗಬೇಡಿ. ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಬೀದಿಯ ಲೈನ್‌ಮನ್‌ಗೆ ಹೇಳಿ. ಗೀಸರ್ ಆನ್ ಇದ್ದರೆ ಅದನ್ನೂ ಆರಿಸಿ. ನೀರಿಲ್ಲದೆ ಉರಿದರೆ ಕಾಯಿಲ್ ಸುಟ್ಟು ಹೋಗುತ್ತದೆ.

ಆಮೇಲೆ ನೀರು. ಬೀದಿ ಲೈನಾದರೆ ಗೇಟಿನ ಒಳಗೆ, ಮೀಟರ್ ಇದ್ದರೆ ಅದರ ಪಕ್ಕದಲ್ಲಿ ವಾಲ್ವ್ ಇರುತ್ತದೆ. ಮೋಟರ್ ಲೈನಾದರೆ ಸ್ವಿಚ್ ಆಫ್ ಮಾಡಿದರೆ ಮುಗಿಯಿತು. ಟ್ಯಾಂಕು ತುಂಬಿದಾಗ ತಾನೇ ನಿಂತು ತಾನೇ ಶುರುವಾಗುವ ಆಟೋಮ್ಯಾಟಿಕ್ ಬಾಕ್ಸ್ ಇರುವವರು ಹುಷಾರು. ಟ್ಯಾಂಕು ಖಾಲಿಯಾಯ್ತು ಎಂದು ಅದು ಮತ್ತೆ ಮೋಟರ್ ಹಾಕಿ ಸಂಪನ್ನೂ ಬರಿದು ಮಾಡುತ್ತದೆ. ಸ್ಟಾರ್ಟರಿನಲ್ಲೇ ಆಫ್ ಮಾಡಿ. ಟ್ಯಾಂಕ್ ಲೈನಾದರೆ ತಾರಸಿಗೆ ಹೋಗಲೇಬೇಕು.

ತಾರಸಿಯಲ್ಲಿ ಎರಡು ತರಹದ ವಾಲ್ವ್ ಸಿಗುತ್ತವೆ. ಹಿಡಿ ಇರುವ ಬಾಲ್ ವಾಲ್ವ್: ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಚಕ್ರ ಇರುವ ಗೇಟ್ ವಾಲ್ವ್: ಗಡಿಯಾರದ ಮುಳ್ಳು ತಿರುಗುವ ಕಡೆಗೆ ಏಳೆಂಟು ಸುತ್ತು ತಿರುಗಿಸಬೇಕು. ಹಳೇ ಗೇಟ್ ವಾಲ್ವ್ ಎಂಟು ಹತ್ತು ವರ್ಷ ಯಾರೂ ಮುಟ್ಟದೆ ಕಚ್ಚಿಕೊಂಡಿರುತ್ತದೆ. ಸ್ಪ್ಯಾನರ್ ಹಾಕಿ ಜೋರು ಮಾಡಿದರೆ ಕತ್ತು ಮುರಿಯುತ್ತದೆ, ಆಗ ಒಂದರ ಬದಲು ಎರಡು ಕಡೆ ನೀರು.

ಕಚ್ಚಿಕೊಂಡರೆ ಏನು ಮಾಡುವುದು? ಟ್ಯಾಂಕಿನ ಮುಚ್ಚಳ ತೆಗೆದು, ನೀರು ಹೊರಗೆ ಹೋಗುವ ತೂತನ್ನು ಒಳಗಿನಿಂದಲೇ ಮುಚ್ಚಿ. ಹಳೇ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತೂತಿಗಿಂತ ದಪ್ಪನೆಯ ಉಂಡೆ ಮಾಡಿ, ಅದಕ್ಕೊಂದು ದಾರ ಕಟ್ಟಿ ಒತ್ತಿಬಿಡಿ. ನೀರಿನ ಭಾರವೇ ಅದನ್ನು ಹಿಡಿದುಕೊಳ್ಳುತ್ತದೆ. ಉಂಡೆ ಸಣ್ಣದಾದರೆ ಪೈಪಿನೊಳಗೆ ಎಳೆದುಕೊಂಡು ಹೋಗಿ ಹೊಸ ತಲೆನೋವು ತರುತ್ತದೆ, ಅದಕ್ಕೇ ದಾರ. ಮಳೆಗಾಲದಲ್ಲಿ ಟ್ಯಾಂಕಿನ ಕಟ್ಟೆ ಮೇಲೆ ಒಬ್ಬರೇ ಹತ್ತಬೇಡಿ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತಾರಸಿಯ ಪಾಚಿ ಸೋಪು ಹಚ್ಚಿದಂತಿರುತ್ತದೆ.

ಸೋಲಾರ್ ಬಿಸಿನೀರಿನ ಪೈಪು ಒಡೆದರೆ ಒಂದು ಉಪಾಯ. ಸೋಲಾರ್ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ತಣ್ಣೀರು ಕೆಳಗಿನಿಂದ ಒಳಗೆ ಬಂದು, ಬಿಸಿನೀರನ್ನು ಮೇಲಿನಿಂದ ಹೊರಗೆ ತಳ್ಳುತ್ತದೆ. ತಣ್ಣೀರು ಒಳಬರುವ ವಾಲ್ವ್ ಮುಚ್ಚಿದರೆ ತಳ್ಳುವವರೇ ಇಲ್ಲ, ಬಿಸಿನೀರು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಅಲ್ಲಿಯ ತನಕ ಒಡೆದ ಜಾಗಕ್ಕೆ ಕೈ ಹಾಕಬೇಡಿ, ಬೇಸಿಗೆಯಲ್ಲಿ ಆ ನೀರು ಬೊಬ್ಬೆ ಬರಿಸುವಷ್ಟು ಸುಡುತ್ತದೆ.

ವಾಲ್ವ್ ಮುಚ್ಚಿದ ತಕ್ಷಣ ಸೋರುವುದು ನಿಲ್ಲದಿದ್ದರೆ ಗಾಬರಿ ಬೇಡ. ಪೈಪಿನಲ್ಲಿ ಉಳಿದ ನೀರು ಇಳಿಯಬೇಕು. ಎಲ್ಲಕ್ಕಿಂತ ಕೆಳಗಿರುವ ನಲ್ಲಿ ತಿರುಗಿಸಿ, ಬಕೆಟ್ ಇಟ್ಟು ಹಿಡಿದುಕೊಳ್ಳಿ. ಐದು ನಿಮಿಷವಾದರೂ ಸುರಿಯುತ್ತಲೇ ಇದ್ದರೆ ನೀವು ಮುಚ್ಚಿದ್ದು ಬೇರೆ ವಾಲ್ವ್. ನಾನು ಮಾಡಿದ್ದು ಅದೇ ಅಲ್ವಾ.

ಕಣ್ಣಿಗೆ ಕಾಣದ ಸೋರಿಕೆ

ಹೊರಗಿನ ಪೈಪು ಒಡೆದರೆ ಅದೇ ಕೂಗಿ ಹೇಳುತ್ತದೆ. ಗೋಡೆಯೊಳಗೆ, ಟೈಲ್ಸ್ ಕೆಳಗೆ ಸೀಳಿದರೆ ಮಾತ್ರ ಪತ್ತೇದಾರಿಕೆ ಬೇಕು. ಅದರಲ್ಲೂ ಮಲೆನಾಡಿನ ಅಂಚಿನ ನಮ್ಮೂರಲ್ಲಿ ಮಳೆಗಾಲದ ಗೋಡೆಗಳೆಲ್ಲ ಹೇಗೂ ತೇವ. ಇದು ಮಳೆಯ ತೇವವೋ ಪೈಪಿನ ತೇವವೋ?

ಪೆನ್ಸಿಲ್ ತೆಗೆದುಕೊಂಡು ಒದ್ದೆ ಕಲೆಯ ಸುತ್ತ ಗೆರೆ ಎಳೆಯಿರಿ. ರಾತ್ರಿ ಊಟವಾಗಿ ಪಾತ್ರೆ ತೊಳೆದ ಮೇಲೆ ಟ್ಯಾಂಕಿನ ವಾಲ್ವ್ ಮುಚ್ಚಿ ಮಲಗಿ, ಬೆಳಿಗ್ಗೆ ನೋಡಿ. ಎರಡನೇ ರಾತ್ರಿ ವಾಲ್ವ್ ತೆರೆದಿಟ್ಟು ನೋಡಿ. ತೆರೆದಿಟ್ಟ ರಾತ್ರಿ ಮಾತ್ರ ಕಲೆ ಗೆರೆ ದಾಟಿದರೆ ಪೈಪು. ಎರಡೂ ರಾತ್ರಿ ದಾಟಿದರೆ, ಅದೂ ಮಳೆ ಬಂದ ರಾತ್ರಿಗಳಾದರೆ, ಪ್ಲಂಬರ್ ಬೇಡ, ಗಾರೆಯವರನ್ನು ಕರೆಯಿರಿ.

ಟ್ಯಾಂಕೂ ಸಾಕ್ಷಿ ಹೇಳುತ್ತದೆ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ಉದ್ದದ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಎರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಸಾಮಾನ್ಯ ಸಾವಿರ ಲೀಟರ್ ಟ್ಯಾಂಕಿನಲ್ಲಿ ಮಟ್ಟ 1 ಸೆಂಟಿಮೀಟರ್ ಇಳಿದರೆ ಸುಮಾರು 9–10 ಲೀಟರ್ ಹೋಯಿತು ಎಂದು ಲೆಕ್ಕ. ಎರಡು ಗಂಟೆಗೆ 2 ಸೆಂಟಿಮೀಟರ್ ಇಳಿದರೆ ದಿನಕ್ಕೆ ಇನ್ನೂರು ಲೀಟರಿನ ಮೇಲಾಯಿತು. ಮೋಟರ್ ಹಾಕದೆ, ಬೀದಿ ನೀರೂ ಬಾರದೆ ಸಂಪು ಇಳಿಯುತ್ತಿದ್ದರೆ ಸಂಪೇ ಬಿರುಕು ಬಿಟ್ಟಿದೆ.

ಗೋಡೆ ಒಡೆಸುವ ಮೊದಲು ಫ್ಲಷ್ ಟ್ಯಾಂಕ್ ಮೇಲೆ ಒಂದು ಅನುಮಾನ ಇಟ್ಟುಕೊಳ್ಳಿ. ಬೆಳಗಿನ ಕಾಫಿಗೆ ಇಳಿಸಿ ಮಿಕ್ಕಿದ ಡಿಕಾಕ್ಷನ್ ಇರುತ್ತದಲ್ಲ, ಅದನ್ನು ಫ್ಲಷ್ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಫ್ಲಷ್ ಮಾಡಬೇಡಿ. ಕಮೋಡಿನಲ್ಲಿ ಕಂದು ಬಣ್ಣ ಇಳಿದಿದ್ದರೆ ಕಳ್ಳ ಸಿಕ್ಕ. ಒಳಗಿನ ವಾಷರ್ ಬದಲಿಸಿದರೆ ಸಾಕು, ಗೋಡೆ ಉಳಿಯಿತು.

ರಾತ್ರಿ ಎಲ್ಲ ಸದ್ದಡಗಿದ ಮೇಲೆ ಸ್ಟೀಲ್ ಲೋಟವನ್ನು ಗೋಡೆಗೆ ಒತ್ತಿ ಕಿವಿ ಇಟ್ಟು ಕೇಳಬಹುದು. ಸೀಳಿದ ಜಾಗದ ಹತ್ತಿರ ‘ಸುಯ್’ ಎನ್ನುವುದು ಕೇಳಿಸುತ್ತದೆ. ಬರಿಗಾಲಲ್ಲಿ ನಡೆಯುವಾಗ ನೆಲದ ಒಂದು ಕಡೆ ಬೆಚ್ಚಗೆ ತಾಗಿದರೆ ಬಿಸಿನೀರಿನ ಲೈನು. ಇನ್ನು, ಕಲೆ ಕಂಡಲ್ಲೇ ಪೈಪು ಒಡೆದಿರುತ್ತದೆ ಎಂದು ನಂಬಬೇಡಿ. ನೀರು ಗೋಡೆಯೊಳಗೆ ಇಳಿದು, ಅಡ್ಡಕ್ಕೆ ಹರಿದು, ದಾರಿ ಸಿಕ್ಕಲ್ಲಿ ಹೊರಗೆ ಬರುತ್ತದೆ. ಒಡೆದದ್ದು ಕಲೆಯ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇರುವುದೇ ಜಾಸ್ತಿ.

ಯಾಕೆ ಒಡೆಯಿತು?

ಇದನ್ನು ಕೇಳದೆ ರಿಪೇರಿ ಮಾಡಿ ನಾನು ಎರಡು ಸಲ ದುಡ್ಡು ಕೊಟ್ಟೆ. ನಮ್ಮ ಮನೆಯಲ್ಲಿ ಒಡೆದದ್ದು ಟ್ಯಾಂಕಿನಿಂದ ಹಿಂದಿನ ಗೋಡೆಗುಂಟ ಇಳಿಯುವ ಬಿಳಿ ಪೈಪು. ಒಂದು ಅಡಿ ಕತ್ತರಿಸಿ ಹೊಸ ತುಂಡು ಹಾಕಿಸಿದೆವು. ವಾರ ಕಳೆಯುವುದರೊಳಗೆ ಎರಡು ಅಡಿ ಕೆಳಗೆ ಮತ್ತೆ ಸೀಳಿತು. ಎರಡನೇ ಸಲ ಬಂದ ಪ್ಲಂಬರ್ ಹಳೇ ತುಂಡನ್ನು ಕೈಯಲ್ಲಿ ಬಗ್ಗಿಸಿದ, ಲಟಕ್ ಎಂದು ಮುರಿಯಿತು. “ಇದು ಹಪ್ಪಳ ಆಗಿದೆ ಸಾರ್, ತೇಪೆ ಹಾಕ್ಬೇಡಿ” ಅಂದ. ಹನ್ನೆರಡು ವರ್ಷದ ಬಿಸಿಲು ಪೈಪಿನ ಸತ್ವ ಹೀರಿತ್ತು. ಮೇಲೆ ಕೋತಿಗಳು ಅದನ್ನೇ ಏಣಿ ಮಾಡಿಕೊಂಡಿದ್ದವು. ಮಳೆ ಮೇಲೆ ತಪ್ಪು ಹೊರಿಸಿದ್ದೆ, ಪಾಪ. ಇಳಿಯುವ ಪೈಪನ್ನು ಪೂರ್ತಿ ಬದಲಿಸಿ, ಹೊರಗೆ ಪೇಂಟ್ ಬಳಿಸಿ, ಗೋಡೆಗೆ ಕ್ಲಾಂಪ್ ಹೊಡೆಸಿದ ಮೇಲೆ ಇಂದಿನವರೆಗೆ ತಂಟೆ ಇಲ್ಲ.

ಹೊರದೇಶದವರ ಸಲಹೆ ಓದಿದರೆ ಪೈಪು ಒಡೆಯುವುದಕ್ಕೆ ಚಳಿಯೇ ಮೊದಲ ಕಾರಣ ಎಂದಿರುತ್ತದೆ. ನೀರು 0 ಡಿಗ್ರಿಗೆ ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗಿ ಪೈಪು ಸೀಳುತ್ತದೆ, ನಿಜ. ನಮ್ಮ ಡಿಸೆಂಬರ್ ಚಳಿ ಹಲ್ಲು ಕಡಿಸಿದರೂ ಆ ಮಟ್ಟಕ್ಕೆ ಹೋಗುವುದಿಲ್ಲ. ನಮ್ಮ ಶತ್ರು ಬಿಸಿಲು ಮತ್ತು ಬಿಸಿನೀರು. ಸಾದಾ ಪಿವಿಸಿ ಪೈಪು 45 ಡಿಗ್ರಿ ತನಕದ ನೀರಿಗೆ ಮಾಡಿದ್ದು. ಬಿಸಿನೀರಿಗೆ ಹಾಕುವ ಸಿಪಿವಿಸಿ 93 ಡಿಗ್ರಿ ತನಕ ತಡೆಯುತ್ತದೆ. ಯಾರೋ ಅವಸರದಲ್ಲಿ ಸೋಲಾರ್ ಲೈನಿಗೆ ತಿರುವಿನಲ್ಲಿ ಒಂದೇ ಒಂದು ಸಾದಾ ಎಲ್ಬೋ ಹಾಕಿದ್ದರೂ ಅದು ಮೆತ್ತಗಾಗಿ ಒಂದು ದಿನ ಕಳಚಿಕೊಳ್ಳುತ್ತದೆ.

ಮೋಟರ್ ಲೈನು ಒಡೆಯುವ ಕಥೆ ಬೇರೆ. ಟ್ಯಾಂಕು ತುಂಬಿ ಹರಿಯದಿರಲಿ ಎಂದು ಕೆಲವರು ಮೋಟರ್ ಪೈಪಿನ ಬಾಯಿಗೆ ಬಾಲ್ ಕಾಕ್, ಅಂದರೆ ನೀರು ಏರಿದಾಗ ತೇಲುವ ಚೆಂಡಿನಿಂದ ಮುಚ್ಚಿಕೊಳ್ಳುವ ನಲ್ಲಿ, ಹಾಕಿಸುತ್ತಾರೆ. ಟ್ಯಾಂಕು ತುಂಬಿ ಬಾಯಿ ಮುಚ್ಚಿಕೊಂಡರೂ ಮೋಟರ್ ಕೆಳಗಿನಿಂದ ತಳ್ಳುತ್ತಲೇ ಇರುತ್ತದೆ. ಬಡಪಾಯಿ ಜಾಯಿಂಟು ಎಷ್ಟು ಹೊತ್ತು ತಡೆದೀತು? ಬಾಲ್ ಕಾಕ್ ಬೀದಿ ನೀರು ಬೀಳುವ ಸಂಪಿಗೆ ಸರಿ, ಮೋಟರ್ ಲೈನಿಗೆ ಬೇಡವೇ ಬೇಡ. ಮೋಟರ್ ಆಫ್ ಮಾಡಿದಾಗ ಪೈಪಿನಲ್ಲಿ ‘ಢಬ್’ ಎಂದು ಬಡಿಯುವ ಸದ್ದು ಬರುತ್ತಿದ್ದರೆ ಅದನ್ನೂ ಅಲಕ್ಷ್ಯ ಮಾಡಬೇಡಿ. ಮೇಲಿನ ನೀರು ಹಿಂದಕ್ಕೆ ಬಂದು ಗುದ್ದುತ್ತಿದೆ. ಆ ಗುದ್ದು ದಿನಾ ಬಿದ್ದರೆ ಎಲ್ಬೋ ಬಿಡುತ್ತದೆ. ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವನ್ನು ಪ್ಲಂಬರ್‌ಗೆ ತೋರಿಸಿ.

ಹಳೇ ಜಿಐ ಪೈಪನ್ನು, ಅಂದರೆ ಸತು ಬಳಿದ ಕಬ್ಬಿಣದ ಪೈಪನ್ನು, ತುಕ್ಕು ಒಳಗಿನಿಂದ ತಿನ್ನುತ್ತದೆ. ಕೆಂಪು ನೀರು, ಸಣ್ಣಗಾದ ಧಾರೆ ಅದರ ಮುನ್ಸೂಚನೆ. ಉಳಿದಂತೆ ಇಲಿ ಕಡಿತ, ಫೋಟೋ ತೂಗುಹಾಕಲು ಹೊಡೆದ ಮೊಳೆ, ಮೇಲುಮೇಲೆ ಹೂತ ಪೈಪಿನ ಮೇಲೆ ಹತ್ತಿದ ಕಾರು.

ತೋಟದ ಮನೆಯವರಿಗೆ

ಮೂಡಿಗೆರೆ, ಕೊಪ್ಪದ ಕಡೆ ಗುಡ್ಡದ ಮೇಲಿನ ಅಬ್ಬಿಯಿಂದಲೋ ತೊಟ್ಟಿಯಿಂದಲೋ ನೀರು ತಾನಾಗಿಯೇ ಇಳಿದು ಬರುವ ಮನೆಗಳಿವೆ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ತರುತ್ತಿದ್ದಾಗ ಒಡೆಯುವ ಮಾತೇ ಇರಲಿಲ್ಲ, ತೆರೆದ ದಂಬೆಗೆ ಎಲ್ಲಿಯ ಒತ್ತಡ? ಪೈಪಿಗೆ ಇದೆ. 10 ಮೀಟರ್ ಎತ್ತರಕ್ಕೆ ಸುಮಾರು 1 ಕೆಜಿ (ಅಂದರೆ ಒಂದು ಚದರ ಸೆಂಟಿಮೀಟರಿಗೆ 1 ಕೆಜಿ) ಒತ್ತಡ. ಪೇಟೆಯ ಎರಡಂತಸ್ತಿನ ಮನೆಯ ಕೆಳಗಿನ ನಲ್ಲಿಗೆ ಮುಕ್ಕಾಲು ಕೆಜಿಯೂ ಬೀಳುವುದಿಲ್ಲ. ಆದರೆ ತೊಟ್ಟಿ 50 ಮೀಟರ್ ಮೇಲಿದ್ದರೆ ಮನೆ ಹತ್ತಿರ 5 ಕೆಜಿ! ಪೈಪಿನ ಮೇಲೆ 4 ಕೆಜಿ, 6 ಕೆಜಿ ಎಂದು ಅಚ್ಚು ಹಾಕಿರುವುದು ಇದಕ್ಕೇ. ಅಲ್ಲಿ 4 ಕೆಜಿ ಪೈಪು ಹಾಕಿದರೆ ತೇಪೆ ಹಾಕುತ್ತಲೇ ಇರಬೇಕು. ರಾತ್ರಿ ಎಲ್ಲ ನಲ್ಲಿ ಮುಚ್ಚಿದಾಗಲೇ ಅದು ಒಡೆಯುವುದು, ಏಕೆಂದರೆ ನೀರು ಓಡದೆ ನಿಂತಾಗಲೇ ಪೂರ್ತಿ ಒತ್ತಡ ಬೀಳುತ್ತದೆ. ನಡುವೆ ಒಂದು ಸಣ್ಣ ತೊಟ್ಟಿ ಕಟ್ಟಿ ನೀರನ್ನು ಅಲ್ಲಿ ಇಳಿಸಿ ಮತ್ತೆ ಬಿಟ್ಟರೆ ಒತ್ತಡ ಹೊಸದಾಗಿ ಸೊನ್ನೆಯಿಂದ ಶುರುವಾಗುತ್ತದೆ.

ಸದ್ಯಕ್ಕೆ ತೇಪೆ, ಆಮೇಲೆ ರಿಪೇರಿ

ಭಾನುವಾರ ಒಡೆದರೆ ಪ್ಲಂಬರ್ ಸಿಗುವುದು ಸೋಮವಾರ. ಅಲ್ಲಿಯ ತನಕ ಟ್ಯಾಂಕ್ ಲೈನಿಗೆ ಹಳೇ ಸೈಕಲ್ ಟ್ಯೂಬು ಸಾಕು. ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಬಿರುಕಿಗಿಂತ ಮೂರು ಇಂಚು ಕೆಳಗಿನಿಂದ ಶುರು ಮಾಡಿ, ಎಳೆದು ಎಳೆದು, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಬರುವಂತೆ ಬಿಗಿಯಿರಿ. ಮೇಲೆ ಬೈಂಡಿಂಗ್ ವೈರ್ ಅಥವಾ ಹೋಸ್ ಕ್ಲಿಪ್. ಎಂ-ಸೀಲ್ ಮೆತ್ತುವವರು ಜಾಗ ಪೂರ್ತಿ ಒಣಗಿಸಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮೆತ್ತಬೇಕು. ಸೋರುತ್ತಿರುವ ಪೈಪಿನ ಮೇಲೆ ಮೆತ್ತಿದರೆ ಅದು ಕೈಗೇ ಅಂಟುತ್ತದೆ. ಮೋಟರ್ ಲೈನಿಗೆ ಈ ಎರಡೂ ನಿಲ್ಲುವುದಿಲ್ಲ, ಬಿಂದಿಗೆಯಲ್ಲಿ ಹೊತ್ತುಕೊಳ್ಳಿ.

ಸರಿಯಾದ ರಿಪೇರಿ ಎಂದರೆ ಕತ್ತರಿಸಿ ಹೊಸ ತುಂಡು ಹಾಕುವುದೇ. ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಮುಂದಕ್ಕೆ ಹೋಗಿರುತ್ತದೆ, ಎರಡೂ ತುದಿಗೆ ಎರಡೆರಡು ಇಂಚು ಹೆಚ್ಚಿಗೆ ತೆಗೆಯಿರಿ. ಆ ತುಂಡನ್ನು ಎಸೆಯದೆ ಹಾರ್ಡ್‌ವೇರ್ ಅಂಗಡಿಗೆ ಒಯ್ಯಿರಿ. ‘ಅರ್ಧ ಇಂಚು’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಅರ್ಧ ಇಂಚಿನ ಸಿಪಿವಿಸಿ ಹೊರಗಿನಿಂದ ಅಳೆದರೆ 15.9 ಮಿಲಿಮೀಟರ್, ಅರ್ಧ ಇಂಚಿನ ಬಿಳಿ ಯುಪಿವಿಸಿ 21.3. ಎರಡು ತುಂಡು ಸೇರಿಸುವ ಕಪ್ಲರ್ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಅಂಟೂ ಬೇರೆ ಬೇರೆ. ನಸುಹಳದಿ ಪೈಪಿಗೆ ಸಿಪಿವಿಸಿ ಸಲ್ಯೂಷನ್ ಎಂದೇ ಕೇಳಿ.

ಅಂಟು ಹಾಕುವ ಮೊದಲು ಒಣದಾಗಿಯೇ ಜೋಡಿಸಿ ನೋಡಿ. ತುದಿಯ ಸಿಪ್ಪೆ ಕೆರೆದು, ಒರೆಸಿ, ಪೈಪಿಗೂ ಕಪ್ಲರಿನ ಒಳಕ್ಕೂ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ. ಒಳಗಿನಿಂದ ತೊಟ್ಟು ತೊಟ್ಟು ನೀರು ಬರುತ್ತಿದ್ದರೆ ಕಾಯಿರಿ. ಒದ್ದೆ ಮೇಲೆ ಹಚ್ಚಿದ ಅಂಟು ಹಿಡಿಯುವುದಿಲ್ಲ. ಎಷ್ಟು ಹೊತ್ತು ಒಣಗಬೇಕು ಎಂದು ಡಬ್ಬದ ಮೇಲೆ ಬರೆದಿರುತ್ತದೆ. ನಮ್ಮ ಮಳೆಗಾಲದ ಹವೆಗೆ ಅದಕ್ಕಿಂತ ಜಾಸ್ತಿ ಬಿಡಿ. ನಾನು ಸಂಜೆ ಅಂಟಿಸಿದರೆ ಬೆಳಿಗ್ಗೆಯೇ ನೀರು ಬಿಡುವುದು.

ರಸ್ತೆಯಲ್ಲಿ, ಗೇಟಿನ ಆಚೆ ಒಡೆದಿದ್ದರೆ ನೀವೇ ಅಗೆಯಬೇಡಿ, ಅದಕ್ಕೆ ನಗರಸಭೆಯ ಅನುಮತಿ ಬೇಕು. ನೀರು ಬಿಡುವವರಿಗೆ ಹೇಳಿ, ಕಚೇರಿಯಲ್ಲಿ ದೂರು ಬರೆಸಿ. ಸರಿಯಾದ ಮೇಲೆ ಮೊದಲು ಬರುವ ನೀರಿನಲ್ಲಿ ಮಣ್ಣು ಇರುತ್ತದೆ, ಅದನ್ನು ಸಂಪಿಗೆ ಬಿಟ್ಟುಕೊಳ್ಳದೆ ಗಿಡಕ್ಕೆ ಬಿಡಿ. ಒಂದೆರಡು ದಿನ ಕುಡಿಯುವ ನೀರು ಕುದಿಸಿ.

ಮತ್ತೆ ನೀರು ಬಿಡುವಾಗ

ವಾಲ್ವನ್ನು ಒಂದೇ ಸಲಕ್ಕೆ ತೆರೆಯಬೇಡಿ. ನಲ್ಲಿಗಳನ್ನು ತೆರೆದಿಟ್ಟು, ವಾಲ್ವ್ ಅರ್ಧ ತಿರುಗಿಸಿ, ಗಾಳಿ ಬುಸುಗುಟ್ಟಿ ಹೋಗಲು ಬಿಡಿ. ಒಂದು ನಲ್ಲಿಯಲ್ಲಿ ಮಾತ್ರ ನೀರು ಬಾರದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಆ ನಲ್ಲಿಗೆ ಬಾಯಿ ಇಟ್ಟು ಎಳೆಯುವ ಹಳೇ ಪದ್ಧತಿ ನಡೆಯುತ್ತದೆ, ಆದರೆ ಒಂದು ತುಂಡು ಹೋಸ್ ಹಾಕಿ ನೀರು ಬರುವ ಇನ್ನೊಂದು ನಲ್ಲಿಗೆ ಜೋಡಿಸಿ ಎರಡನ್ನೂ ತೆರೆದರೆ ನೀರೇ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಸೋಲಾರ್‌ನ ಗಾಜಿನ ಟ್ಯೂಬುಗಳು ಖಾಲಿಯಾಗಿ ಬಿಸಿಲಲ್ಲಿ ಕಾದಿದ್ದರೆ ಮಧ್ಯಾಹ್ನ ತಣ್ಣೀರು ತುಂಬಬೇಡಿ, ಬಿರುಕು ಬಿಡುತ್ತವೆ. ಸಂಜೆ ಕಳೆದ ಮೇಲೆ ತುಂಬಿ. ಗೀಸರ್‌ನ ಬಿಸಿನೀರಿನ ನಲ್ಲಿಯಲ್ಲಿ ಧಾರೆ ಸರಿಯಾಗಿ ಬಂದ ಮೇಲೆಯೇ ಅದರ ಸ್ವಿಚ್ಚು.

ಹೊಸ ಜಾಯಿಂಟಿನ ಸುತ್ತ ಹಳೇ ಪೇಪರ್ ಸುತ್ತಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ಗರಿಗರಿಯಾಗಿದ್ದರೆ ಕೆಲಸ ಆಯಿತು.

ನಮ್ಮ ಮನೆಯ ಮೂರು ವಾಲ್ವಿಗೂ ತಂಗಿ ನೇಲ್ ಪಾಲಿಶ್ ಬಳಿದಿದ್ದಾಳೆ: ಬೀದಿಗೆ ಕೆಂಪು, ಟ್ಯಾಂಕಿಗೆ ಗುಲಾಬಿ, ಸೋಲಾರ್‌ಗೆ ನೇರಳೆ. ಕಚ್ಚಿಕೊಳ್ಳದಿರಲಿ ಎಂದು ಪ್ರತಿ ಅಮಾವಾಸ್ಯೆಗೆ ಅಮ್ಮ ಮೂರನ್ನೂ ಒಮ್ಮೆ ಮುಚ್ಚಿ ತೆರೆಯುತ್ತಾರೆ. ನಾನು ಆ ಹೊತ್ತಿಗೆ ಮೈಗೆ ಸೋಪು ಹಚ್ಚಿಕೊಂಡಿದ್ದರೂ ಸರಿ.